ಕ್ಯಾಮೆರಾ ದಾರಕ್ಕೆ ಬಳೆಯ ಅಳತೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹೊಟ್ಟೆಕಿಚ್ಚು ಪಡಲು ಈ ಊರಿನಲ್ಲಿ ಏನೆಲ್ಲ ಇಲ್ಲ? ಎದುರುಮನೆಯವರ ಕಾರಿದೆ, ಗೆಳೆಯನ ಸಂಬಳವಿದೆ, ನಿವೃತ್ತಿ ಹತ್ತಿರ ಬಂದರೂ ಒಂದೆಳೆ ಉದುರದ ನಮ್ಮ ಮ್ಯಾನೇಜರರ ತಲೆಗೂದಲಿದೆ. ಅದನ್ನೆಲ್ಲ ಬಿಟ್ಟು ನಾನು ಹೊಟ್ಟೆಕಿಚ್ಚು ಪಟ್ಟದ್ದು ಒಂದು ಗೇಣುದ್ದದ ದಾರದ ಮೇಲೆ! ಸಂಕ್ರಾಂತಿಯ ಎಳ್ಳು ಹಂಚಿದ ದಿನ ಹತ್ತಿಕೊಂಡ ಆ ಕಿಚ್ಚು ಮಾವಿನಹಣ್ಣಿನ ಕಾಲ ಮುಗಿಯುವ ತನಕ ಆರಲಿಲ್ಲ. ನಗುವವರು ಈಗಲೇ ನಕ್ಕು ಮುಗಿಸಿ. ನಡುವೆ ನಕ್ಕರೆ ನನಗೆ ಇನ್ನಷ್ಟು ಅವಮಾನ.

ಆ ದಾರ ಹೆಣೆದವರು ನಮ್ಮ ದೊಡ್ಡಮ್ಮ, ಅಮ್ಮನ ಅಕ್ಕ. ಜಾಲಹಳ್ಳಿಯ ಅವರ ಮನೆಯಲ್ಲಿ ನೀವು ಏನು ಬೇಕಾದರೂ ಕಳೆದುಕೊಳ್ಳಬಹುದು: ತಾಳ್ಮೆ, ಮರ್ಯಾದೆ, ಇಡೀ ಭಾನುವಾರ. ವಸ್ತುವನ್ನು ಮಾತ್ರ ಕಳೆದುಕೊಳ್ಳಲಾರಿರಿ. ಟಿವಿಯ ರಿಮೋಟು ಟೀಪಾಯಿಯ ಕಾಲಿಗೆ ಕಟ್ಟಿದೆ. ಗ್ಯಾಸ್ ಲೈಟರು ಒಲೆಯ ಪಕ್ಕದ ಮೊಳೆಗೆ, ಬಾಚಣಿಗೆ ಕನ್ನಡಿಗೆ, ಪೆನ್ನು ಕ್ಯಾಲೆಂಡರಿಗೆ. ಕನ್ನಡಕ ಕತ್ತಿನ ದಾರಕ್ಕೆ, ಕನ್ನಡಕದ ಡಬ್ಬಿ ಕನ್ನಡಕದ ದಾರಕ್ಕೆ! ಹೊಸಬರು ಬಂದು ಚಾನೆಲ್ ಬದಲಿಸಲು ಹೋದರೆ ರಿಮೋಟಿನ ಹಿಂದೆ ಟೀಪಾಯಿ, ಟೀಪಾಯಿಯ ಮೇಲೆ ಕಾಫಿ ಲೋಟ, ಎಲ್ಲವೂ ಮೆರವಣಿಗೆ ಹೊರಡುತ್ತವೆ.

ಇದಕ್ಕೆ ಕಾರಣ ಅವರ ಹಳೆಯ ಕೆಲಸ. ದೊಡ್ಡಮ್ಮ ಜಾಲಹಳ್ಳಿಯ ಒಂದು ಕಾರ್ಖಾನೆಯಲ್ಲಿ ಸಣ್ಣ ಸಣ್ಣ ಭಾಗಗಳನ್ನು ಜೋಡಿಸುತ್ತಿದ್ದವರು. ಅಲ್ಲಿ ಇಕ್ಕಳ, ಸ್ಕ್ರೂಡ್ರೈವರು ಎಲ್ಲಕ್ಕೂ ದಾರ ಕಟ್ಟಿ ಮೇಜಿನ ಮೇಲೆ ತೂಗುಬಿಟ್ಟಿರುತ್ತಿದ್ದರಂತೆ, ಕೈಜಾರಿದರೂ ನೆಲಕ್ಕೆ ಬೀಳದ ಹಾಗೆ. ನಿವೃತ್ತಿಯ ದಿನ ಬೇರೆಯವರು ಹಾರ, ಫಲಕ ತಂದರೆ ಇವರು ಅಭ್ಯಾಸ ತಂದರು.

“ಕೈ ಯಾವಾಗ ಬೇಕಾದ್ರೂ ಮರೀಬೋದು ಕಣೋ. ಗಂಟು ಮರೆಯಲ್ಲ” ಎನ್ನುತ್ತಾರೆ. ನಾನು ಅದನ್ನು ಅವರದೇ ಧ್ವನಿಯಲ್ಲಿ, ಕನ್ನಡಕ ಮೂಗಿನ ತುದಿಗೆ ಜಾರಿಸಿ, ಹೇಳಿ ತೋರಿಸುತ್ತೇನೆ. ನಮ್ಮ ಮನೆತನದಲ್ಲಿ ನನ್ನ ಕಸುಬು ಅದು: ಎಲ್ಲರನ್ನೂ ಅಣಕಿಸುವುದು. ಅಪ್ಪ ಸೀನುವುದು, ಅಮ್ಮ ಫೋನಿನಲ್ಲಿ ‘ಹಲೋ’ ಅನ್ನುವುದು, ಸ್ನಾನದ ಮನೆಯಲ್ಲಿ ನಾನೇ ಹಾಡುವುದು, ಎಲ್ಲವೂ ನನ್ನ ಬಳಿ ಇವೆ. ಎಲ್ಲರಿಗಿಂತ ಜೋರಾಗಿ ನಗುವವರು ದೊಡ್ಡಮ್ಮ. ಚಿಕ್ಕಂದಿನ ನನ್ನ ರಜೆಗಳೆಲ್ಲ ಅವರ ಕ್ವಾರ್ಟರ್ಸಿನಲ್ಲೇ ಕಳೆದದ್ದು. ಅವರಿಗೆ ಒಬ್ಬಳು ಮಗಳಿದ್ದಾಳೆ, ನನ್ನ ಅಕ್ಕ, ನಿಜ. ಆದರೆ ದೊಡ್ಡಮ್ಮನಲ್ಲಿ ಅರ್ಧಭಾಗ ನನಗೆ ಸೇರಬೇಕು ಎಂದು ನಾನು ಮನಸ್ಸಿನಲ್ಲೇ ಎಂದೋ ಬರೆಸಿಕೊಂಡಿದ್ದೆ.

ಹೀಗಿರುವಾಗ ಭಾವ ಬಂದರು.

ಅಕ್ಕನನ್ನು ಮದುವೆಯಾದ ಈ ಮಹಾನುಭಾವರು ಮೈಸೂರಿನ ಕಡೆಯವರು. ಎತ್ತರದ ಆಳು, ಮೆತ್ತಗಿನ ಮಾತು. ಯಾರು ಏನು ಹೇಳಿದರೂ ತಲೆಯನ್ನು ಒಂದಿಷ್ಟು ಓರೆ ಮಾಡಿ “ಹೌದಾಆಆ?” ಎನ್ನುತ್ತಾರೆ. ಕರೆಂಟು ಹೋಯ್ತು ಅಂದರೂ “ಹೌದಾಆಆ?”, ಅವಲಕ್ಕಿ ಸೀದುಹೋಯ್ತು ಅಂದರೂ “ಹೌದಾಆಆ?” ಇಂಥವರ ಮೇಲೆ ಹೇಗೆ ಸಿಟ್ಟು ಮಾಡಿಕೊಳ್ಳುವುದು? ಕಷ್ಟಪಟ್ಟು ಮಾಡಿಕೊಂಡೆ.

ಸಂಕ್ರಾಂತಿಗೆ ಅವರು ಹೊಸ ಕ್ಯಾಮೆರಾದೊಡನೆ ಬಂದರು. ಕಂಪನಿ ಕೊಟ್ಟ ಕತ್ತಿನ ಪಟ್ಟಿ ಬೆವರಿಗೆ ಉಜ್ಜುತ್ತದೆಂದು ಬಿಚ್ಚಿಟ್ಟು, ಬರಿಗೈಯಲ್ಲಿ ಹಿಡಿದಿದ್ದರು. ದೊಡ್ಡಮ್ಮ ಅದನ್ನು ನೋಡಿದ ನೋಟ ಹೇಗಿತ್ತೆಂದರೆ, ಭಾವ ಯಾವುದೋ ಹಸುಗೂಸನ್ನು ಒಂದು ಕಾಲು ಹಿಡಿದು ತೂಗುತ್ತಿದ್ದಾರೇನೋ ಎನ್ನುವಂತೆ!

“ಅಯ್ಯಯ್ಯೋ, ಅಳಿಯಂದ್ರೇ! ಇದಕ್ಕೆ ದಾರ ಇಲ್ವಾ?”

“ಇಲ್ಲ ಅತ್ತೆ, ಕೈಗೆ ಹಾಕ್ಕೊಳ್ಳೋ ಚಿಕ್ಕದೊಂದು ಸ್ಟ್ರಾಪು ತಗೋಬೇಕು.”

“ತಗೊಳ್ಳೋದಾ? ಸುಮ್ನಿರಿ, ನಾನ್ ಮಾಡ್ಕೊಡ್ತೀನಿ.”

ನನ್ನ ಬಳಿಯೂ ಒಂದು ಕ್ಯಾಮೆರಾ ಇತ್ತು. ಹಿಂದೊಮ್ಮೆ ಮತ್ತಿಕೆರೆಯಲ್ಲಿ ನನ್ನ ಜೊತೆ ರೂಮಿನಲ್ಲಿದ್ದವನು ಊರು ಬಿಡುವಾಗ ನನಗೆ ದಾಟಿಸಿದ್ದು. ಅದನ್ನು ನಾನು ಎಲ್ಲರಿಗೂ ಕಾಣುವ ಹಾಗೆ ಎಳ್ಳಿನ ತಟ್ಟೆಯ ಪಕ್ಕದಲ್ಲಿ ಇಟ್ಟೆ. ದೊಡ್ಡಮ್ಮ ಅದನ್ನೂ ನೋಡಿದರು. “ನಿನ್ದೂ ಬೋಳುಬೋಳಾಗೇ ಇದ್ಯಾ? ಕೊಡು ಕೈ” ಎಂದರು.

ಇಲ್ಲಿದೆ ನೋಡಿ ನನ್ನ ಮೂರ್ಖತನ.

ದೊಡ್ಡಮ್ಮ ಕೈಯ ಅಳತೆ ತೆಗೆದುಕೊಳ್ಳುವುದು ಟೇಪಿನಲ್ಲಲ್ಲ. ಬಳೆಗಾರರ ಹಾಗೆ. ಹೆಬ್ಬೆರಳನ್ನು ಒಳಕ್ಕೆ ಮಡಚಿ, ಗೆಣ್ಣುಗಳನ್ನೆಲ್ಲ ಒಟ್ಟುಗೂಡಿಸಿ, ಮೂಳೆ ಲಟಕ್ ಎನ್ನುವಂತೆ ಒತ್ತಿ, “ಎರಡು-ಆರು”, “ಎರಡು-ಎಂಟು” ಎಂದು ತೀರ್ಪು ಕೊಡುವುದು. ಇಂಥ ಅವಕಾಶ ಬಂದಾಗ ನನ್ನಂಥವನು ಸುಮ್ಮನಿರುತ್ತಾನೆಯೇ? ಕೈಯನ್ನು ಸರಕ್ಕನೆ ಎಳೆದುಕೊಂಡು, ಮದುವಣಗಿತ್ತಿಯ ಹಾಗೆ ನಾಚಿ, ಮುಖ ಮುಚ್ಚಿಕೊಂಡು, ಮರುಕ್ಷಣವೇ ಬಳೆಗಾರನಾಗಿ “ಬಳೆಯಮ್ಮೋ ಬಳೇ... ಹಸಿರು ಬಳೇ... ಮೆಲ್ಲಗೆ ಹಿಡಿಯಮ್ಮಾ, ಮಗಳ ಕೈ ಬೆಣ್ಣೆ!” ಎಂದು ಶುರುಮಾಡಿದೆ. ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ದೊಡ್ಡಮ್ಮನಿಗೆ ಕಣ್ಣಲ್ಲಿ ನೀರು. ಸೆರಗಿನಿಂದ ಒರೆಸಿಕೊಂಡು ಭಾವನ ಕಡೆ ತಿರುಗಿ, “ಇವನದ್ದು ಯಾವಾಗ್ಲೂ ಇದ್ದಿದ್ದೇ. ನೀವ್ ಕೊಡಿ” ಎಂದರು.

ಭಾವ ಕೊಟ್ಟರು. ಒತ್ತಿದಾಗ ‘ಅಮ್ಮಾ’ ಅನ್ನಲಿಲ್ಲ. “ಎರಡು-ಹನ್ನೆರಡು!” ಎಂದು ದೊಡ್ಡಮ್ಮ ಮೆಚ್ಚುಗೆಯಿಂದ ಘೋಷಿಸಿದರು, ಅಳಿಯ ಪರೀಕ್ಷೆಯಲ್ಲಿ ರ‍್ಯಾಂಕ್ ಬಂದ ಹಾಗೆ.

ಮುಂದಿನ ವಾರ ಯಶವಂತಪುರದ ಮಾರ್ಕೆಟ್ಟಿನ ಹಗ್ಗದ ಅಂಗಡಿಗೆ ಹೋದೆವು. ಚೀಲ ಹೊರಲು ನಾನು. ಗಮನಿಸಿ, ಭಾವನ ದಾರಕ್ಕೆ ಚೀಲ ಹೊರಲು ನಾನು! ದೊಡ್ಡಮ್ಮ ನೈಲಾನ್ ದಾರದ ಒಂದು ತುದಿಯನ್ನು ಅಂಗಡಿಯವನ ಕೈಗೆ ಕೊಟ್ಟು, ಇನ್ನೊಂದನ್ನು ತಾವು ಹಿಡಿದು, “ಎಳೀರಿ” ಎಂದರು.

“ಎಳ್ಯೋದಾ? ಯಾಕ್ರಮ್ಮಾ?”

“ನೀವು ಗಟ್ಟಿ ಅಂದ್ರಲ್ಲ. ಎಳೀರಿ.”

ಬೀದಿಯ ಜನ ನಿಂತು ನೋಡುತ್ತಿದ್ದಂತೆ ಹಗ್ಗಜಗ್ಗಾಟ ನಡೆಯಿತು. ದಾರ ಹರಿಯಲಿಲ್ಲ. ಅಂಗಡಿಯವನೇ ಗಲ್ಲಾದ ಮೇಲಿಂದ ಈಚೆ ಬಂದುಬಿಟ್ಟ. “ಗಟ್ಟಿ ಇದೆ, ಕೊಡಿ” ಎಂದರು ದೊಡ್ಡಮ್ಮ.

ಹೆಣೆಯುವ ವೈಭವವನ್ನಂತೂ ನೀವು ನೋಡಬೇಕಿತ್ತು. ನೆಲದ ಮೇಲೆ ಕಾಲು ಚಾಚಿ ಕೂತು, ಕಾಲಿನ ಹೆಬ್ಬೆರಳಿಗೆ ದಾರ ಸಿಕ್ಕಿಸಿ, ಕದಂಬದ ಹೂಮಾಲೆ ಕಟ್ಟುವವರ ಚುರುಕಿನಲ್ಲಿ ಗಂಟಿನ ಮೇಲೆ ಗಂಟು. ಕೈಗೆ ಹಾಕಿಕೊಳ್ಳುವ ಬಳೆಯಂಥ ಕುಣಿಕೆ, ಅಲ್ಲಿಂದ ಜಡೆಯ ಹಾಗೆ ಇಳಿಯುವ ಹೆಣಿಗೆ, ತುದಿಯಲ್ಲಿ ಕ್ಯಾಮೆರಾದ ಕಿವಿಯೊಳಗೆ ತೂರಿಸಲು ಸಣ್ಣ ದಾರದ ಇನ್ನೊಂದು ಕುಣಿಕೆ. ಮಿಕ್ಕ ತುದಿಗಳನ್ನು ಕತ್ತರಿಸಿ ಊದುಬತ್ತಿಯ ಕೆಂಡಕ್ಕೆ ತಾಗಿಸಿ ಕರಗಿಸಿದರು. ಮನೆಯೆಲ್ಲ ಅರ್ಧ ಮಲ್ಲಿಗೆ, ಅರ್ಧ ಸುಟ್ಟ ಬಕೆಟ್ಟಿನ ವಾಸನೆ.

ಆಮೇಲೆ ಪರೀಕ್ಷೆ. ಒರಳಿನ ಗುಂಡನ್ನು ಬಟ್ಟೆಯಲ್ಲಿ ಸುತ್ತಿ, ಆ ದಾರದಿಂದ ಕಿಟಕಿಯ ಸರಳಿಗೆ ನೇತುಹಾಕಿದರು. ಇಡೀ ದಿನ ತೂಗಾಡಿತು. ಎದುರುಮನೆಯಾಕೆ ಬಂದು, “ದೃಷ್ಟಿಗಾ?” ಎಂದು ಪಿಸುಗುಟ್ಟಿ ಕೇಳಿದರು. “ಹ್ಞೂ, ಅಳಿಯಂದ್ರಿಗೆ” ಎಂದು ನಾನು ಅಷ್ಟೇ ಗುಟ್ಟಾಗಿ ಹೇಳಿದೆ. ವಾರ ಕಳೆಯುವುದರೊಳಗೆ ಆ ಸಾಲಿನ ಇನ್ನೂ ಎರಡು ಮನೆಗಳ ಕಿಟಕಿಯಲ್ಲಿ ಗುಂಡುಕಲ್ಲುಗಳು ತೂಗುತ್ತಿದ್ದವು!

ಆದರೆ ಬಳೆಯ ಅಳತೆಯಲ್ಲೊಂದು ಸಮಸ್ಯೆ ಇದೆ ಎಂದು ನಮಗೆ ತಿಳಿದದ್ದು ಯುಗಾದಿಯ ದಿನ. ಬಳೆ ಎಂದರೆ ತಾನಾಗಿ ಜಾರಬಾರದು ತಾನೇ? ಒತ್ತಿ, ಒಲಿಸಿ, ಒಂದಿಷ್ಟು ನೋವಾಗಿಯೇ ಏರಬೇಕು. ದೊಡ್ಡಮ್ಮ ದಾರವನ್ನು ಕ್ಯಾಮೆರಾದ ಕಿವಿಗೆ ಗಂಟು ಬಿಗಿದು, ಅದೇ ಶಾಸ್ತ್ರದಲ್ಲಿ ಭಾವನ ಬಲಗೈಗೆ ಏರಿಸಿದರು. ಏರಿತು. ಇಳಿಯಲಿಲ್ಲ! ಅಕ್ಕ ಎಳೆದಳು, ನಾನು ಅಗತ್ಯಕ್ಕಿಂತ ತುಸು ಜೋರಾಗಿಯೇ ಎಳೆದೆ. ಕ್ಯಾಮೆರಾವನ್ನು ದಾರದಿಂದ ಬಿಡಿಸೋಣವೆಂದರೆ ಆ ತುದಿಯ ಗಂಟು ದೊಡ್ಡಮ್ಮನಿಗೇ ಬಿಚ್ಚಲಾಗದಷ್ಟು ಗಟ್ಟಿ. “ಕತ್ತರಿಸಿಬಿಡೋಣ” ಎಂದೆ. ದೊಡ್ಡಮ್ಮ ನನ್ನತ್ತ ನೋಡಿದ ನೋಟದಲ್ಲಿ ಕತ್ತರಿ ತಾನಾಗಿ ಡಬ್ಬಿಗೆ ಹೋಯಿತು. ಅದೂ ದಾರ ಕಟ್ಟಿದ ಕತ್ತರಿಯೇ.

ಎಲೆ ಹಾಕಿಯಾಗಿತ್ತು. ಹೋಳಿಗೆ ಆರುತ್ತಿತ್ತು. ಭಾವ ಬಲಗೈಯಲ್ಲಿ ಕ್ಯಾಮೆರಾ ತೂಗಿಸಿಕೊಂಡು ಎಲೆಯ ಮುಂದೆ ಕೂತರು. ಕೈ ಎತ್ತಿದರೆ ಲೆನ್ಸು ಸಾರಿಗೆ, ಇಳಿಸಿದರೆ ಕೋಸಂಬರಿಗೆ. ನಾನು ಒಳಗೊಳಗೇ ಯುಗಾದಿ ಆಚರಿಸುತ್ತಿದ್ದೆ. ಅಷ್ಟರಲ್ಲಿ ದೊಡ್ಡಮ್ಮ ಅವರ ಪಕ್ಕ ಕೂತು, “ತಪ್ಪು ನನ್ದು, ನೀವ್ ಬಾಯಿ ತೆಗೀರಿ” ಎಂದು ಹೋಳಿಗೆಗೆ ತುಪ್ಪ ಸವರಿ ಮುರಿದು ತಿನ್ನಿಸತೊಡಗಿದರು.

ಕೈತುತ್ತು! ನನ್ನ ಕಣ್ಣೆದುರಿಗೇ! ನನಗೆ ಮೀಸೆ ಬಂದಾಗಿನಿಂದ ದೊಡ್ಡಮ್ಮ ನನಗೆ ಕೈತುತ್ತು ಕೊಟ್ಟಿರಲಿಲ್ಲ. ಇವರಿಗೆ ಮೀಸೆಯೂ ಇದೆ, ಗಡ್ಡವೂ ಇದೆ! ಆ ದಿನ ಬೇವು ನನ್ನ ಪಾಲಿಗೆ ಬಂತು, ಬೆಲ್ಲ ಭಾವನ ಪಾಲಿಗೆ. ಊಟವಾದ ಮೇಲೆ ಕೊಬ್ಬರಿ ಎಣ್ಣೆ, ಸೋಪಿನ ನೊರೆ ಎಲ್ಲ ಸುರಿದು ದಾರ ಇಳಿಸಿ, ಕುಣಿಕೆಗೆ ಜಾರುವ ಗಂಟೊಂದನ್ನು ಸೇರಿಸಿ ಸರಿಮಾಡಿದರು. ನನ್ನ ಹೊಟ್ಟೆಗೆ ಮಾತ್ರ ಯಾರೂ ಎಣ್ಣೆ ಹಚ್ಚಲಿಲ್ಲ.

ಸೇಡು ತೀರಿಸಿಕೊಳ್ಳದೆ ಇರಲಾಗಲಿಲ್ಲ. ಭಾವ ಭಾನುವಾರದ ಮುಂಜಾನೆ ಜಕ್ಕೂರು ಕೆರೆಗೆ ಹಕ್ಕಿಗಳ ಫೋಟೋ ತೆಗೆಯಲು ಹೋಗುತ್ತಾರೆ. ಅವರ ಜೊತೆ ಟೋಪಿ ಹಾಕಿದ ಮೂರ್ನಾಲ್ಕು ಅಂಕಲ್‌ಗಳು. ಒಂದು ಭಾನುವಾರ ನಾನೂ ಹೋದೆ. ಎಲ್ಲರೂ ಉಸಿರು ಬಿಗಿಹಿಡಿದು ನಿಂತಿದ್ದಾಗ, ನಾನು ಜೊಂಡಿನ ಮರೆಗೆ ಸರಿದು, ಯಾವ ಹಕ್ಕಿಯ ಕಂಠದಲ್ಲೂ ಇಲ್ಲದ ಒಂದು ಕೂಗು ಹಾಕಿದೆ. ಅರ್ಧ ಕೆಂಬೂತ, ಅರ್ಧ ನಮ್ಮ ಬಡಾವಣೆಯ ತರಕಾರಿ ಗಾಡಿ. ಭಾವ ಕೆಸರಿನಲ್ಲಿ ಮಂಡಿಯೂರಿದರು. ಅಂಕಲ್‌ಗಳೂ ಊರಿದರು. ಬಿಸಿಲೇರುವ ತನಕ ಅಲ್ಲಾಡಲಿಲ್ಲ!

ಮಧ್ಯಾಹ್ನ ದೊಡ್ಡಮ್ಮನ ಮನೆಯಲ್ಲಿ ಭಾವ ಕಣ್ಣರಳಿಸಿ ವರ್ಣಿಸಿದರು. “ಅತ್ತೆ, ಹೊಸ ಹಕ್ಕಿ ಅನ್ಸುತ್ತೆ. ವಲಸೆ ಬಂದಿರ್ಬೇಕು. ಎರಡು ಸಲ ಕೂಗಿ, ಆಮೇಲೆ ಕೆಮ್ಮುತ್ತೆ.”

ದೊಡ್ಡಮ್ಮ ನನ್ನ ಕಡೆ ಕಣ್ಣು ಹೊರಳಿಸಲೂ ಇಲ್ಲ. “ಆ ಹಕ್ಕಿ ಬೆಳಿಗ್ಗೆ ಇಲ್ಲೇ ಉಪ್ಪಿಟ್ಟು ತಿಂದ್ಕೊಂಡ್ ಹೋಯ್ತು ಬಿಡಿ ಅಳಿಯಂದ್ರೇ” ಎಂದರು.

“ಹೌದಾಆಆ?” ಎಂದರು ಭಾವ. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಬೈಯುತ್ತಾರೆಂದು ಕಾದೆ. ಹೊಟ್ಟೆ ಹಿಡಿದುಕೊಂಡು ನಕ್ಕು, ಇನ್ನೊಮ್ಮೆ ಕೂಗಿ ತೋರಿಸು ಎಂದು ದುಂಬಾಲು ಬಿದ್ದರು. ಇಂಥ ಮನುಷ್ಯನ ಜೊತೆ ಜಗಳ ಕಾಯುವುದಾದರೂ ಹೇಗೆ, ನೀವೇ ಹೇಳಿ!

ಇಷ್ಟರಲ್ಲಿ ಭಾವನ ದಾರಕ್ಕೆ ಕೆರೆಯ ದಂಡೆಯಲ್ಲಿ ಕೀರ್ತಿ ಬಂತು. ಟೋಪಿ ಅಂಕಲ್‌ಗಳು ಒಬ್ಬೊಬ್ಬರಾಗಿ ಜಾಲಹಳ್ಳಿಗೆ ಬಂದು, ದೊಡ್ಡಮ್ಮನ ಮುಂದೆ ಕೈ ಚಾಚಿ, ಗೆಣ್ಣು ಮುರಿಸಿಕೊಂಡು, ದಾರ ಪಡೆದು ಹೋದರು. ಮುಖದಲ್ಲಿ ನೋವು, ಕೈಯಲ್ಲಿ ಪ್ರಸಾದ! ಒಬ್ಬರಂತೂ ಕ್ಯಾಮೆರಾ ಇಲ್ಲದ ಹೆಂಡತಿಗೂ ಒಂದು ಹೆಣೆಸಿಕೊಂಡರು.

ನಾನೇನು ಸುಮ್ಮನಿದ್ದೆನೆ? ಸೂಚನೆಗಳನ್ನು ಕೊಡುತ್ತಲೇ ಇದ್ದೆ. ಒಮ್ಮೆ ಬಸ್ ಕಂಡಕ್ಟರನ ಧ್ವನಿಯಲ್ಲಿ, “ಯಾರ್ರೀ ಅದು ದಾರ ಇಲ್ದೆ ಹತ್ತಿರೋರು? ಇಳೀರಿ, ಇಳೀರಿ!” ಇನ್ನೊಮ್ಮೆ ವಾರ್ತೆ ಓದುವವರ ಗಾಂಭೀರ್ಯದಲ್ಲಿ, “ನಗರದ ಯುವಕನೊಬ್ಬನ ಕ್ಯಾಮೆರಾ ಅನಾಥವಾಗಿ ಪತ್ತೆಯಾಗಿದೆ.” ದೊಡ್ಡಮ್ಮ ಪ್ರತಿ ಸಲವೂ ನಕ್ಕರು. ಪ್ರತಿ ಸಲವೂ ಇನ್ನೊಬ್ಬರ ದಾರ ಹೆಣೆಯುತ್ತಲೇ ನಕ್ಕರು. ‘ನನಗೂ ಒಂದು ಮಾಡಿಕೊಡು’ ಎಂಬ ಸಣ್ಣ ವಾಕ್ಯವನ್ನು ಸುಮ್ಮನೆ ಹೇಳಬಹುದಿತ್ತಲ್ಲ ಎನ್ನುತ್ತೀರಾ? ಅದನ್ನು ಯಾರ ಧ್ವನಿಯಲ್ಲಿ ಹೇಳಬೇಕೆಂದು ನನಗೆ ಹೊಳೆದಿರಲಿಲ್ಲ.

ಕೊನೆಗೆ ರೋಸಿಹೋಗಿ ನಾನೇ ಹೆಣೆಯಲು ಕೂತೆ. ಆರ್.ಟಿ. ನಗರದ ನಮ್ಮ ಮನೆಯ ಹಾಲಿನಲ್ಲಿ ಕಾಲು ಚಾಚಿ, ಹೆಬ್ಬೆರಳಿಗೆ ದಾರ ಸಿಕ್ಕಿಸಿ, ಮೊಬೈಲಿನಲ್ಲಿ ಯಾರೋ ಹೇಳಿಕೊಟ್ಟ ಹಾಗೆ ಎಡಕ್ಕೆ, ಬಲಕ್ಕೆ, ಒಳಕ್ಕೆ. ಮೊಬೈಲಿನವನ ಕೈ ಹೋದಕಡೆಗೆಲ್ಲ ನನ್ನ ಕೈಯೂ ಹೋಯಿತು, ಬುದ್ಧಿ ಮಾತ್ರ ಹೋಗಲಿಲ್ಲ. ಅಷ್ಟರಲ್ಲಿ ಕಾಲಿಂಗ್ ಬೆಲ್. ಬಿಡಿಸಿಕೊಳ್ಳೋಣವೆಂದರೆ ಕೈಗೂ ಹೆಬ್ಬೆರಳಿಗೂ ನಂಟು ಬೆಳೆದುಬಿಟ್ಟಿದೆ! ಬಗ್ಗಿಕೊಂಡೇ ಕುಂಟುತ್ತ ಹೋಗಿ ಬಾಗಿಲು ತೆಗೆದೆ. ಪಾರ್ಸೆಲ್ ತಂದವನು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಪೂಜೆ ಮಧ್ಯದಲ್ಲಿ ಬಂದ್ಬಿಟ್ನಾ ಸರ್? ಮುಗಿಸ್ಕೊಳ್ಳಿ” ಎಂದು ಚಪ್ಪಲಿ ಬಿಟ್ಟು ನಿಂತುಕೊಂಡ.

ಏನೇ ಇರಲಿ, ದಾರವಾಯಿತು. ನೋಡಲು ಹಾವು ಕಪ್ಪೆ ನುಂಗಿದ ಹಾಗಿತ್ತು. ಒರಳುಗುಂಡಿನ ಪರೀಕ್ಷೆಯನ್ನು ನಾನು ಮಾಡಲಿಲ್ಲ. ನಮ್ಮ ಮನೆಯಲ್ಲಿ ಇರುವುದು ಮಿಕ್ಸಿ.

ಅದನ್ನು ಕೈಗೆ ಹಾಕಿಕೊಂಡು ಮುಂದಿನ ಭಾನುವಾರ ಕೆರೆಗೆ ಹೋದೆ. ಏರಿಯ ಮೇಲೆ, ಕಟ್ಟೆಯ ಅಂಚಿನಲ್ಲಿ ನಿಂತು ಅಂಕಲ್‌ಗಳಿಗೆ ಭಾವನ ಅಣಕು ಪ್ರದರ್ಶನ ಶುರುಮಾಡಿದೆ. ಅವರು ಹಕ್ಕಿ ಕಂಡಾಗ ಕತ್ತು ಉದ್ದ ಮಾಡುವುದು, ಒಂದು ಕಾಲಿನ ಮೇಲೆ ನಿಲ್ಲುವುದು, ಕ್ಯಾಮೆರಾವನ್ನು ನಿಧಾನವಾಗಿ ಎತ್ತುವುದು. ಭಾವ ಪಕ್ಕದಲ್ಲೇ ತಮ್ಮ ಕ್ಯಾಮೆರಾ ಹಿಡಿದು ನಿಂತು ನಗುತ್ತಿದ್ದರು. “ಹೌದಾಆಆ?” ಎಂದು ನಾನು ತಲೆ ಓರೆ ಮಾಡಿ ಕೈ ಬೀಸಿದೆ ನೋಡಿ, ನನ್ನ ಗಂಟು ಮರೆತುಬಿಟ್ಟಿತು.

ದಾರ ಕೈಯಲ್ಲೇ ಉಳಿಯಿತು. ಕ್ಯಾಮೆರಾ ಹೊರಟಿತು, ನೀರಿನ ಕಡೆಗೆ.

ಭಾವ ಹಿಡಿದಿದ್ದ ತಮ್ಮ ಕ್ಯಾಮೆರಾವನ್ನು ಹಾಗೇ ಕೈಬಿಟ್ಟರು. ಯೋಚಿಸಲೂ ಇಲ್ಲ. ಎರಡೂ ಕೈ ಮುಂದೆ ಚಾಚಿ, ಕಟ್ಟೆಯ ಮೇಲೆ ಬೋರಲಾಗಿ ಬಾಗಿ, ನನ್ನ ಕ್ಯಾಮೆರಾವನ್ನು ಗಾಳಿಯಲ್ಲೇ ಹಿಡಿದರು. ಅವರ ಹೊಸ ಕ್ಯಾಮೆರಾ ದೊಡ್ಡಮ್ಮನ ದಾರದಿಂದ ಅವರ ಮಣಿಕಟ್ಟಿನಲ್ಲಿ ಸುಮ್ಮನೆ ತೂಗುತ್ತಿತ್ತು, ಆ ಒರಳುಗುಂಡಿನ ಹಾಗೆ.

“ತಗೊಳ್ಳಪ್ಪ. ಲೆನ್ಸು ಸರಿ ಇದ್ಯಾ ನೋಡ್ಕೋ” ಎಂದರು, ಮೊಣಕೈ ತರಚಿ ರಕ್ತ ಬರುತ್ತಿದ್ದರೂ. ನಾನು ಸಾಮಾನ್ಯವಾಗಿ ಬಾಯಿ ಮುಚ್ಚುವವನಲ್ಲ. ಜಕ್ಕೂರಿನಿಂದ ಜಾಲಹಳ್ಳಿಯ ತನಕ ಮುಚ್ಚಿದ್ದೆ.

ಮನೆಯಲ್ಲಿ ದೊಡ್ಡಮ್ಮ ಭಾವನ ಮೊಣಕೈಗೆ ಅರಿಶಿನ ಹಚ್ಚಿದರು. ಆಮೇಲೆ ನನ್ನ ದಾರವನ್ನು ಬೆಳಕಿಗೆ ಹಿಡಿದು, ತಿರುಗಿಸಿ ಮುರುಗಿಸಿ ನೋಡಿ, ಕೇಳಿದರು.

“ಯಾರ್ ಕಟ್ಟಿದ್ದು ಇದನ್ನ?”

ಅಭ್ಯಾಸಬಲ. ವಾರ್ತೆಯವರ ಧ್ವನಿ ತಾನಾಗಿ ಬಂತು. “ಘಟನೆಗೆ ಕಾರಣ ಇನ್ನೂ ತಿಳಿದುಬಂದಿಲ್ಲ...”

ದೊಡ್ಡಮ್ಮ ನಗಲಿಲ್ಲ. “ನಿನ್ ದನೀಲಿ ಹೇಳೋ.”

ಕಂಡಕ್ಟರನನ್ನು ಹುಡುಕಿದೆ, ಬಳೆಗಾರನನ್ನು ಹುಡುಕಿದೆ, ಯಾರೂ ಸಿಗಲಿಲ್ಲ. ನನ್ನದೇ ಧ್ವನಿ, ಎಷ್ಟೋ ದಿನದಿಂದ ಬಳಸದೆ ತುಕ್ಕು ಹಿಡಿದಿದ್ದದ್ದು, ಹೊರಗೆ ಬಂತು.

“ನಾನೇ ಕಟ್ಕೊಂಡೆ. ಇನ್ನೇನ್ ಮಾಡ್ಲಿ? ಆ ಟೋಪಿ ಅಂಕಲ್‌ಗಳಿಗೆಲ್ಲ ಮಾಡ್ಕೊಟ್ಟೆ. ಕ್ಯಾಮೆರಾ ಇಲ್ದೇ ಇರೋ ಆಂಟಿಗೂ ಮಾಡ್ಕೊಟ್ಟೆ. ಮೊದಲ್ನೇದು ಭಾವಂಗೆ. ನನಗ್ ಮಾತ್ರ ಇಲ್ಲ. ನಾನ್ ನಿನಗೆ ಏನೂ ಅಲ್ವಾ ದೊಡ್ಡಮ್ಮ?”

ಹೇಳಿ ಮುಗಿಸುವಷ್ಟರಲ್ಲಿ ನನಗೇ ನಾಚಿಕೆಯಾಯಿತು. ಕತ್ತೆ ವಯಸ್ಸಿನ ಗಂಡಸು, ದಾರಕ್ಕಾಗಿ ಧ್ವನಿ ನಡುಗಿಸಿಕೊಂಡು ನಿಂತಿದ್ದಾನೆ! ಭಾವ ಆ ಕಡೆ ತಿರುಗಿ, ಒರೆಸಿದ ಲೆನ್ಸನ್ನೇ ಮತ್ತೆ ಒರೆಸತೊಡಗಿದರು.

ದೊಡ್ಡಮ್ಮ ನನ್ನ ಕೈ ಎಳೆದುಕೊಂಡರು. ಹೆಬ್ಬೆರಳನ್ನು ಒಳಕ್ಕೆ ಮಡಚಿದರು. ಈ ಸಲ ನಾನು ಕೈ ಕಿತ್ತುಕೊಳ್ಳಲಿಲ್ಲ.

“ಮೊದಲ್ನೇದು ಅವ್ರಿಗಲ್ಲ ಕಣೋ, ಮಂಗ” ಎಂದರು ಗೆಣ್ಣುಗಳನ್ನು ಒತ್ತುತ್ತ. “ನಿನಗೆ. ಚಿಕ್ಕೋನಿದ್ದಾಗ ಯಶವಂತಪುರದ ಮಾರ್ಕೆಟ್ಟಲ್ಲಿ ಕಂಡ್ ಕಂಡ್ ಬಸ್ಸಿನ್ ಹಿಂದೆ ಓಡ್ತಿದ್ದೆ ನೀನು, ಕಂಡಕ್ಟರ್ ಥರ ಕೂಗ್ಕೊಂಡು. ಒಂದ್ಸಲ ಕೈ ಬಿಡಿಸ್ಕೊಂಡ್ ಹೋದೋನು ಸಿಗ್ಲೇ ಇಲ್ಲ. ಸೊಪ್ಪಿನ್ ಚೀಲ ಅಲ್ಲೇ ಬಿಸಾಕಿ ಅತ್ಕೊಂಡ್ ಹುಡುಕ್ದೆ. ಮಾರನೇ ದಿನಾನೇ ಕೂತು ಹೆಣೆದೆ. ಒಂದ್ ತುದಿ ನಿನ್ ಕೈಗೆ ಕಟ್ಟಿ ಕರ್ಕೊಂಡ್ ಹೋಗ್ತಿದ್ದೆ. ‘ಏನಮ್ಮಾ, ಕರು ಹೊಡ್ಕೊಂಡ್ ಬಂದ್ರಾ’ ಅಂತ ಮಾರ್ಕೆಟ್ಟೆಲ್ಲ ನಗ್ತಿತ್ತು.”

ನನಗೆ ನೆನಪಿರಲಿಲ್ಲ. ಮಣಿಕಟ್ಟಿಗೆ ನೆನಪಿತ್ತೋ ಏನೋ, ಸುಮ್ಮನೆ ಅವರ ಕೈಯಲ್ಲಿ ಕೂತಿತ್ತು. ಆದರೂ ಹೊಟ್ಟೆಕಿಚ್ಚು ಎನ್ನುವುದು ಅಷ್ಟು ಬೇಗ ಸಾಯುತ್ತದೆಯೇ? ಕೊನೆಯದೊಂದು ಕಿಡಿ ಉಳಿದಿತ್ತು.

“ಆದ್ರೂ ಭಾವನ ದಾರದ ಆ ತುದೀಲಿ ಅಂಥಾ ಒಳ್ಳೇ ಕ್ಯಾಮೆರಾ ಇದೆ” ಎಂದೆ. “ನನ್ ದಾರದ ಆ ತುದೀಲಿ ಏನಿತ್ತು?”

“ನಾನಿದ್ನಲ್ಲೋ. ಕೈ ಅಲ್ಲಾಡಿಸ್ಬೇಡ ಈಗ, ಅಳತೆ ತಪ್ಪುತ್ತೆ.”